ಗುಬ್ಬಿ ರಸ್ತೆಯಲ್ಲಿ ನಾನೇ ಪೆಟ್ರೋಲ್ ಪಂಪಾದೆ

ಕಾರಿನ ಪೆಟ್ರೋಲ್ ಪಂಪು ಎಂದರೇನು ಮಹಾ? ಈ ಕಡೆಯಿಂದ ಪೆಟ್ರೋಲ್ ಹೀರಬೇಕು, ಆ ಕಡೆಗೆ ನೂಕಬೇಕು. ಎಂಬತ್ತರ ದಶಕದ ಶುರುವಿನಲ್ಲಿ, ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಂಗಳದಲ್ಲಿ ನಿಂತು ನಾನು ಹೀಗೆ ಯೋಚಿಸಿದೆ. ಬರೀ ಯೋಚಿಸಿದ್ದರೆ ಪರವಾಗಿರಲಿಲ್ಲ. ಗಟ್ಟಿಯಾಗಿ ಹೇಳಿಯೂ ಬಿಟ್ಟೆ!

ಕೇಳಿಸಿಕೊಂಡವರು ನಮ್ಮ ಮಾವ. ಪಕ್ಕದಲ್ಲಿ ಫುಟ್‌ಬೋರ್ಡ್ ಇದ್ದ ಆ ಬ್ರಿಟಿಷರ ಕಾಲದ ಕಾರು ಅವರದು. ಅತ್ತೆಯನ್ನು ಮದುವೆಯಾಗಿ ಗುಬ್ಬಿಯಿಂದ ಕರೆತಂದದ್ದು ಅದರಲ್ಲೇ. ಈಗ ಅತ್ತೆ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದು, ಆಗಷ್ಟೇ ಓಡಾಡತೊಡಗಿದ್ದರು. ಭಾನುವಾರ ಗುಬ್ಬಿಯಲ್ಲಿ ಅವರ ತಮ್ಮನ ಗೃಹಪ್ರವೇಶ.

"ಬಸ್ಸಲ್ಲಿ ಹೋಗಣ ಬುಡಿ," ಎಂದರು ಅತ್ತೆ.

"ಸುಮ್ನಿರು. ಅವತ್ತು ಇದ್ರಲ್ಲೇ ಕರ್ಕೊಂಡ್ ಬಂದೆ. ಇವತ್ತೂ ಇದ್ರಲ್ಲೇ ಕರ್ಕೊಂಡ್ ಹೋಗ್ತೀನಿ," ಎಂದರು ಮಾವ. ಆದರೆ ಪಂಪು ಸೋರುತ್ತಿತ್ತು.

"ನಾನಿದೀನಲ್ಲ, ಮಾವ!" ಎಂದೆ.

ನನ್ನ ಹೆಂಡತಿ ಜಯಾ ಹೊಸ್ತಿಲಲ್ಲಿ ನಿಂತು ನೆನಪಿಸಿದಳು. "ರೀ, ನೀವು ಕೆಲ್ಸ ಮಾಡೋದು ಬ್ಯಾಂಕಲ್ಲಿ."

ಶನಿವಾರ ಸದರಿ ಪಂಪನ್ನು ವಿಧ್ಯುಕ್ತವಾಗಿ ಬಿಚ್ಚಲಾಯಿತು. ಕೊನೆಯ ಸ್ಕ್ರೂ ಸಡಿಲವಾದದ್ದೇ ತಡ, ಒಳಗಿದ್ದ ಸ್ಪ್ರಿಂಗು ಚಂಗನೆ ಹಾರಿ ಮಾಯವಾಯಿತು. ಕಾರಿನಡಿ ತೆವಳಿದೆ, ತುಳಸಿಕಟ್ಟೆಯ ಸುತ್ತ ತಡಕಿದೆ. ಕಡೆಗೆ ಒರಳಿನ ಮುಂದೆ ಕೂತಿದ್ದ ಅತ್ತೆ ಇಡ್ಲಿ ಹಿಟ್ಟಿನಿಂದ ಏನನ್ನೋ ಎತ್ತಿ, ತೊಳೆದು, ಮೆಲ್ಲಗೆ ಕೇಳಿದರು.

"ಅಳಿಯಂದ್ರೇ, ಇದು ನಿಮ್ದಾ?"

ಹರಿದಿದ್ದ ರಬ್ಬರಿನ ಪೊರೆಯನ್ನು ಬದಲಾಯಿಸಿ, ವಾಲ್ವುಗಳನ್ನು ಕೂರಿಸಿ ಪಂಪನ್ನು ಜೋಡಿಸಿದೆ. ಮಾವ ಸ್ಟಾರ್ಟರ್ ಒತ್ತಿದರು. ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಹಿಂದೆ ಟ್ಯಾಂಕಿನೊಳಗೆ ಮಾತ್ರ ಗುಳುಗುಳು ಸದ್ದು! ವಾಲ್ವುಗಳನ್ನು ತಲೆಕೆಳಗಾಗಿ ಹಾಕಿದ್ದೆ. ಪಂಪು ಬಹಳ ಶ್ರದ್ಧೆಯಿಂದ ಟ್ಯಾಂಕಿಗೇ ಗಾಳಿ ಊದುತ್ತಿತ್ತು.

"ಹೋಗ್ಲಿ ಬುಡಿ," ಎಂದರು ಮಾವ. "ಪಂಪು ಕೆಲ್ಸ ಅಂತೂ ಮಾಡ್ತೈತೆ."

ಮತ್ತೆ ಬಿಚ್ಚಿ ಸರಿಪಡಿಸಿದೆ. ಈ ಸಲ ಒಂದು ಹನಿಯೂ ಸೋರಬಾರದೆಂದು, ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕುವ ಸೊಲ್ಯೂಷನ್ನನ್ನು ಅಂಚಿಗೆಲ್ಲ ಮೆತ್ತಿದೆ.

"ಇದು ತಡಿಯತ್ತಾ?" ಮಾವನಿಗೆ ಅನುಮಾನ.

"ಟ್ಯೂಬಿನ ಗಾಳೀನೇ ತಡಿಯತ್ತೆ, ಮಾವ!"

ಕಾರು ಸ್ಟಾರ್ಟ್ ಆಯಿತು. ಬೀದಿ ಸುತ್ತಿ ಬಂತು. ಅಂದು ನಾನು ನಡೆದ ಗತ್ತು ನೋಡಬೇಕಿತ್ತು!

ಭಾನುವಾರ ಅತ್ತೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಮುಂದೆ ಕೂತರು. ಹಿಂದೆ ನಾನು, ಜಯಾ. ಊರು ದಾಟಿ ಅರ್ಧ ದಾರಿಗೆ ಬರುವಷ್ಟರಲ್ಲಿ ಕಾರು ಕೆಮ್ಮಿ ನಿಂತಿತು. ಬಾನೆಟ್ ಎತ್ತಿದರೆ, ಪೆಟ್ರೋಲು ನನ್ನ ಸೊಲ್ಯೂಷನ್ನನ್ನು ಪೂರ್ತಿ ಕರಗಿಸಿ ಪಾಯಸ ಮಾಡಿತ್ತು. ಟ್ಯೂಬಿನೊಳಗೆ ಇರುವುದು ಗಾಳಿ, ಪಂಪಿನೊಳಗೆ ಇರುವುದು ಪೆಟ್ರೋಲು. ಈ ಸೂಕ್ಷ್ಮ ನನಗೆ ಹೊಳೆದೇ ಇರಲಿಲ್ಲ!

ಬಸ್ಸೊಂದು ನಮ್ಮನ್ನು ದಾಟಿ ಹೋಯಿತು. ಅತ್ತೆ ಅದನ್ನು ನೋಡಿದರು, ಮಾವನ ಮುಖವನ್ನೂ ನೋಡಿದರು. "ನಂಗೇನ್ ಅರ್ಜೆಂಟಿಲ್ಲ ಕಣ್ರೀ. ಗಾಳಿ ಚೆನ್ನಾಗದೆ," ಎಂದರು.

ಮಾವ ಒಂದು ಗಳಿಗೆ ಯೋಚಿಸಿ, ಡಿಕ್ಕಿಯಿಂದ ಪೆಟ್ರೋಲ್ ಕ್ಯಾನೂ ರಬ್ಬರ್ ಪೈಪೂ ತೆಗೆದರು. ಪೈಪಿನ ಒಂದು ತುದಿ ಕ್ಯಾನಿಗೆ, ಇನ್ನೊಂದು ಸೀದಾ ಕಾರ್ಬುರೇಟರಿಗೆ. ಪಂಪೇ ಬೇಡ. ಕ್ಯಾನನ್ನು ಎತ್ತರಕ್ಕೆ ಹಿಡಿದುಕೊಳ್ಳುವ ಒಬ್ಬ ಮನುಷ್ಯ ಸಾಕು.

ಎಲ್ಲರೂ ನನ್ನ ಕಡೆ ನೋಡಿದರು.

ಹೀಗೆ ನಾನು ಅತ್ತೆಯ ಕಿಟಕಿ ಪಕ್ಕದ ಫುಟ್‌ಬೋರ್ಡಿನ ಮೇಲೆ ನಿಂತು, ಒಂದು ಕೈಲಿ ಬಾಗಿಲು, ಇನ್ನೊಂದು ಕೈಲಿ ಕ್ಯಾನು ಎತ್ತಿ ಹಿಡಿದು ಗುಬ್ಬಿಯತ್ತ ಸಾಗಿದೆ. ಕೈ ಇಳಿದರೆ ಕಾರು ಮುಗ್ಗರಿಸುತ್ತಿತ್ತು, ಎತ್ತಿದರೆ ಓಡುತ್ತಿತ್ತು. ಅತ್ತೆ ಕಿಟಕಿಯಿಂದ ಕೈ ಚಾಚಿ ನನ್ನ ಬೆಲ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ದಾರಿಯುದ್ದಕ್ಕೂ ಬಿಡಲಿಲ್ಲ.

ಗುಬ್ಬಿಯಲ್ಲಿ ಕಾರು ನಿಂತಾಗ ಊಟಕ್ಕೆ ಎಲೆ ಹಾಕುತ್ತಿದ್ದರು. ಅತ್ತೆಯ ತಮ್ಮ ಓಡಿ ಬಂದರು. ಅಕ್ಕನನ್ನು ಅದೇ ಕಾರಿನಲ್ಲಿ ಕಂಡು ಕಣ್ಣೊರೆಸಿಕೊಂಡರು. ಆಮೇಲೆ ಮಸಿ ಮೆತ್ತಿದ ನನ್ನ ಮುಖದ ಗುರುತು ಸಿಗದೆ ಒಳಗಿದ್ದ ಹುಡುಗನಿಗೆ ಕೂಗಿದರು. "ಲೋ, ಕ್ಲೀನರ್‌ಗೆ ಹಿತ್ಲಲ್ಲಿ ಎಲೆ ಹಾಕ್ಸೋ!"

"ಕ್ಲೀನರ್ ಅಲ್ಲ ಕಣೋ, ನಮ್ಮಳಿಯಂದ್ರು!" ಎಂದು ಅತ್ತೆ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. "ಇವರಿಲ್ದಿದ್ರೆ ನಾವಿವತ್ತು ಹಿಂಗೆ ಬತ್ತಾನೇ ಇರ್ಲಿಲ್ಲ."

ಮಾತು ನೂರಕ್ಕೆ ನೂರು ಸತ್ಯ. ನಾನಿಲ್ಲದಿದ್ದರೆ ಬಸ್ಸಿನಲ್ಲಿ, ಪೂಜೆ ಮುಗಿಯುವ ಮೊದಲೇ ಬಂದಿರುತ್ತಿದ್ದರು!