ಅಂಬುಜಮ್ಮನವರ ಹಾಡನ್ನು ಯಾರೂ ಅಣಕಿಸಲಿಲ್ಲ

ಅಂಬುಜಮ್ಮ: ಕಸದ ಗಾಡಿ ಹಾಡನ್ನೂ ಬಿಟ್ಟಿಲ್ಲ ಆತ. ಬೆಳಗ್ಗೆ ಬೆಳಗ್ಗೆ ಬೀದೀಲಿ ಕೂಗ್ಕೊಂಡು ಬರತ್ತಲ್ಲ, ಅದನ್ನೂ ಅಣಕ ಮಾಡಿದಾನೆ. ಇಂಥವನ ಬಗ್ಗೆ ನಾನು ಏನಂತ ಮಾತಾಡ್ಲಿ?

ರಾಮಸ್ವಾಮಿ: ಚೆನ್ನಾಗಿ ಮಾಡಿದಾನೆ ಅಂತ ಮಾತಾಡು. ನನಗೆ ಅದೇ ಇಷ್ಟ.

ಅಂಬುಜಮ್ಮ: ನಿಮಗೆ ಇಷ್ಟ ಆಗದೇ ಇರೋದು ಯಾವುದಿದೆ ಹೇಳಿ. ಅಣಕು ಹಾಡೋನನ್ನ ಅಳೆಯೋದು ಅವನು ಯಾವ ಹಾಡನ್ನ ಆರಿಸ್ಕೊಂಡ ಅನ್ನೋದ್ರಿಂದ. ಮೂಲ ಗಟ್ಟಿ ಇದ್ರೆ ತಾನೇ ಅಣಕ ನಿಲ್ಲೋದು?

ಬಸವನಗುಡಿಯ ಆ ಫ್ಲ್ಯಾಟಿನಲ್ಲಿ ಮೊದಲ ಕಾಫಿಗೆ ಶುರುವಾದ ಗಂಡ ಹೆಂಡತಿಯ ಈ ಮಾತು ಎರಡನೇ ಕಾಫಿಗೂ ಮುಗಿದಿರಲಿಲ್ಲ. ಅವತ್ತು ಸಂಜೆ ಬಡಾವಣೆಯ ಸಂಘದವರು ಶಂಭುಲಿಂಗಪ್ಪನವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಂಭುಲಿಂಗಪ್ಪ ಚಾಮರಾಜಪೇಟೆಯವರು. ಜನರ ಬಾಯಲ್ಲಿರುವ ಹಾಡುಗಳ ಧಾಟಿಗೆ ತಮಾಷೆಯ ಮಾತು ಕಟ್ಟಿ ಹಾಡುವುದೇ ಅವರ ಬದುಕು. ಕ್ಯಾಸೆಟ್ಟಿನ ಕಾಲದಿಂದ ಮೊಬೈಲಿನ ಕಾಲದವರೆಗೆ ನಾಲ್ಕು ಆಲ್ಬಂ ತಂದಿದ್ದರು. ಆ ನಾಲ್ಕರ ಬಗ್ಗೆ ವೇದಿಕೆಯ ಮೇಲೆ ಮಾತಾಡಬೇಕೆಂದು ಸಂಘದವರು ಅಂಬುಜಮ್ಮನವರನ್ನು ಒಪ್ಪಿಸಿದ್ದರು. ಆಕೆ ಒಂದು ಕಾಲಕ್ಕೆ ರೇಡಿಯೋದಲ್ಲಿ ಭಾವಗೀತೆ ಹಾಡಿದವರು. ಬಡಾವಣೆಯಲ್ಲಿ ಸಂಗೀತದ ವಿಷಯ ಬಂದರೆ ಕೊನೆಯ ಮಾತು ಆಕೆಯದೇ.

ಆಕೆಯ ತೀರ್ಪು ಆಗಲೇ ತಯಾರಾಗಿತ್ತು. ಮೊದಲನೇ ಆಲ್ಬಂ ಪರವಾಗಿಲ್ಲ, ಮದುವೆ ಮನೆಗಳಲ್ಲಿ ಹೆಂಗಸರು ಹಾಡುವ ಹಾಡುಗಳನ್ನೇ ಮುಟ್ಟಿದ್ದಾನೆ, ಧೈರ್ಯ ಇದೆ. ಎರಡನೆಯದು ಅದಕ್ಕಿಂತ ಮೇಲು. ಮೂರನೆಯದರಲ್ಲಿ ಆ ವರ್ಷ ಓಡಿದ ಸಿನಿಮಾ ಹಾಡುಗಳೇ ತುಂಬಿವೆ, ಮೂಲವನ್ನೇ ಜನ ಮರೆತಿರುವಾಗ ಅಣಕಕ್ಕೆ ಯಾರು ಕಿವಿ ಕೊಡುತ್ತಾರೆ. ನಾಲ್ಕನೆಯದರ ಬಗ್ಗೆ ಮಾತೇ ಬೇಡ, ಟೀವಿ ಜಾಹೀರಾತು, ಆಟೋ ಹಿಂದಕ್ಕೆ ತೆಗೆಯುವಾಗಿನ ಪೀಪಿ, ಕಸದ ಗಾಡಿ. ರಾಮಸ್ವಾಮಿ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿ, ಪೇಪರು ಮಡಿಸಿಟ್ಟರು.

ರಾಮಸ್ವಾಮಿ: ನಾಲ್ಕರಲ್ಲಿ ಒಂದರಲ್ಲೂ ನಿನ್ನ ಹಾಡಿಲ್ಲ. ಅದನ್ನ ನೇರವಾಗಿ ಹೇಳ್ಬಾರ್ದಾ?

ಅಂಬುಜಮ್ಮ: ನನ್ನ ಹಾಡು ಯಾಕಿರ್ಬೇಕು? ಕೋಕಿಲಾದು ಮೂರು ಆಲ್ಬಂನಲ್ಲಿದೆ, ಇರ್ಲಿ. ಅವಳಿಗೆ ಶ್ರುತಿ ಇರ್ಲಿಲ್ಲ, ಅದೂ ಇರ್ಲಿ. ನಾನೇನಾದ್ರೂ ಅಂದ್ನಾ?

ಕೋಕಿಲಾ ಅಂಬುಜಮ್ಮನವರ ಜೊತೆಯಲ್ಲೇ ರೇಡಿಯೋದಲ್ಲಿ ಹಾಡುತ್ತಿದ್ದವರು. ಆಕೆಯ ಒಂದು ಹಾಡನ್ನು ಶಂಭುಲಿಂಗಪ್ಪ ಮೊದಲು ದೋಸೆಗೆ, ಆಮೇಲೆ ಅಳಿಯನಿಗೆ, ಕೊನೆಗೆ ಮೆಟ್ರೋಗೆ ಹೊಂದಿಸಿದ್ದರು. ಈಗಲೂ ಫೋನು ಮಾಡಿದಾಗೆಲ್ಲ ಕೋಕಿಲಾ, ಆ ಶಂಭು ನನ್ನ ಹಾಡನ್ನ ಹಾಳು ಮಾಡ್ಬಿಟ್ಟ ಕಣೇ ಎಂದು ಬಹಳ ಸಂತೋಷದಿಂದ ದೂರುತ್ತಿದ್ದರು.

ಅಷ್ಟು ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ಸ್ವತಃ ಶಂಭುಲಿಂಗಪ್ಪ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅಂಬುಜಮ್ಮ ಸಿಟ್ಟಾಗಿದ್ದಾರೆ ಎಂದು ಸಂಘದವರಾರೋ ಅವರ ಕಿವಿಗೆ ಹಾಕಿದ್ದರು. ಅಷ್ಟು ವರ್ಷ ಹಾಡಿ ಮೊದಲ ಸಲ ಶಾಲು ಹೊದೆಸಿಕೊಳ್ಳುವ ದಿನ, ಹೆಂಡತಿ ಮಕ್ಕಳ ಎದುರಿಗೆ ಮಂಗಳಾರತಿ ಆಗುವುದು ಬೇಡ ಎಂದು ಬಂದಿದ್ದರು. ಭಾವಗೀತೆಯವರಿಗೆ ಅಣಕದ ಮೇಲೆ ಸಿಟ್ಟಿರುವುದು ಸಹಜ ಅಂತ ಅವರ ಲೆಕ್ಕ. ಕೂತ ತಕ್ಷಣ ಕೈಮುಗಿದು ಸಮಾಧಾನಕ್ಕಿಳಿದರು.

ಶಂಭುಲಿಂಗಪ್ಪ: ಅಮ್ಮಾ, ಒಂದು ಮಾತು. ಯಾರ ಯಾರ ಹಾಡಿಗೋ ಕೈ ಹಾಕಿದೀನಿ. ಆದ್ರೆ ನಾಲ್ಕು ಆಲ್ಬಂನಲ್ಲಿ ತಮ್ಮ ಒಂದೇ ಒಂದು ಹಾಡು ಮುಟ್ಟಿಲ್ಲ. ಬೇಕಾದ್ರೆ ಆಣೆ ಇಡ್ತೀನಿ.

ಅಂಬುಜಮ್ಮ: ಗೊತ್ತು.

ಶಂಭುಲಿಂಗಪ್ಪ: ಮುಂದೇನೂ ಮುಟ್ಟಲ್ಲಮ್ಮ. ನೀವು ನಿಶ್ಚಿಂತೆಯಿಂದ ಇರಿ.

ರಾಮಸ್ವಾಮಿ ಕೆಮ್ಮಿದರು. ಶಂಭುಲಿಂಗಪ್ಪ ಅದನ್ನು ಮೆಚ್ಚುಗೆ ಎಂದು ತಿಳಿದು, ನನ್ನ ಮಕ್ಕಳಿಗೂ ಇದೇ ಮಾತು ಹೇಳಿಟ್ಟಿದ್ದೇನೆ ಎಂದು ಸೇರಿಸಿದರು. ಅಂಬುಜಮ್ಮ ಅತಿಥಿಯ ಮುಂದಿಟ್ಟಿದ್ದ ಕೋಡುಬಳೆ ತಟ್ಟೆಯನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡರು.

ಅಂಬುಜಮ್ಮ: ಯಾಕೆ ಮುಟ್ಟಲಿಲ್ಲ?

ಶಂಭುಲಿಂಗಪ್ಪ: ಗೌರವ ಅಮ್ಮಾ. ಅಂಥ ದೊಡ್ಡ ಹಾಡುಗಳು.

ಅಂಬುಜಮ್ಮ: ಹಾಗಾದ್ರೆ ಕೋಕಿಲಾದು ಸಣ್ಣ ಹಾಡು. ಈಗಲೇ ಫೋನ್ ಮಾಡಿ ಹೇಳ್ತೀನಿ, ಖುಷಿ ಪಡ್ತಾಳೆ.

ಶಂಭುಲಿಂಗಪ್ಪ ಗಾಬರಿಯಾದರು. ಹಾಗಲ್ಲ, ಅದೂ ದೊಡ್ಡದೇ, ಆದರೆ ಬೇರೆ ಥರ ದೊಡ್ಡದು ಎಂದು ಏನೇನೋ ಒದರಿದರು. ಆಕೆ ಬಿಡಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ಇದ್ದದ್ದನ್ನು ಹೇಳಿಯೇಬಿಟ್ಟರು.

ಶಂಭುಲಿಂಗಪ್ಪ: ತಪ್ಪು ತಿಳೀಬೇಡಿ. ಅಣಕಕ್ಕೆ ಮೂಲ ಜನಕ್ಕೆ ಗೊತ್ತಿರ್ಬೇಕು. ಎರಡನೇ ಆಲ್ಬಂಗೆ ನಿಮ್ಮ ‘ಬೆಳದಿಂಗಳೇ’ ತಗೊಳ್ಳೋಣ ಅಂತಿದ್ದೆ. ಸ್ಟುಡಿಯೋದಲ್ಲಿ ಕೇಳಿದ್ರೆ ಒಬ್ಬರಿಗೂ ಆ ಹಾಡು ಗೊತ್ತಿರ್ಲಿಲ್ಲ.

ಅಂಬುಜಮ್ಮ ಕಿಟಕಿಯ ಕಡೆ ತಿರುಗಿದರು. ಇಷ್ಟು ಹೊತ್ತು ಜಗಳವಾಡಿದ್ದ ಆ ಮುಖ ಒಮ್ಮೆಲೇ ಬಾಡಿದ್ದನ್ನು ನೋಡಿ ರಾಮಸ್ವಾಮಿಗೆ ತಡೆಯಲಾಗಲಿಲ್ಲ. ಹೆಂಡತಿಯ ಪರವಾಗಿ ಅವರು ಎದ್ದು ನಿಂತರು. ಯಾರಿಗೂ ಗೊತ್ತಿಲ್ಲ ಅಂದರೇನು, ನನಗೆ ಗೊತ್ತು, ದಿನಾ ಸ್ನಾನ ಮಾಡುವಾಗ ಹಾಡುತ್ತೇನೆ, ಪೂರ್ತಿ ಬಾಯಿಪಾಠ ಎಂದು ಆವೇಶದಿಂದ ಹೇಳಿ, ಅದೇ ಆವೇಶದಲ್ಲಿ ಶುರು ಮಾಡಿಬಿಟ್ಟರು:

‘ತೊಗರಿಬೇಳೆ ನೀ ಎಲ್ಲಿರುವೆ,
ಸಾರಿನ ತುಂಬಾ ಹುಡುಕಿರುವೆ.
ಸೌಟು ಮುಳುಗಿಸಿ ನೋಡಿರುವೆ,
ನೀರನೆ ಕುಡಿದು ಎದ್ದಿರುವೆ.’

ನಾಲ್ಕನೇ ಸಾಲು ಮುಗಿಯುವ ಹೊತ್ತಿಗೆ ತಾವು ಏನು ಹಾಡುತ್ತಿದ್ದೇವೆ ಎಂಬುದು ಅವರ ಕಿವಿಗೆ ಬಿತ್ತು. ಮೆಲ್ಲಗೆ ಕೂತುಕೊಂಡರು.

ಅಂಬುಜಮ್ಮ: ಇದು ಯಾವಾಗಿನಿಂದ?

ರಾಮಸ್ವಾಮಿ: ಮದುವೆಯಾದ ಹೊಸದರಲ್ಲಿ. ಆಗ ನಿನಗೆ ಅಡುಗೆ ಅಷ್ಟಾಗಿ ಬರ್ತಿರ್ಲಿಲ್ಲ.

ಅಂಬುಜಮ್ಮ: ಬಚ್ಚಲಲ್ಲಿ ಗುನುಗೋದು ಕೇಳಿ, ಪಾಪ, ಹೆಂಡತಿ ಹಾಡನ್ನ ಇಷ್ಟು ವರ್ಷ ಮರೀದೇ ಹಾಡ್ತಾರಲ್ಲ ಅಂತ ನಾನು ತಂಗಿ ಹತ್ರ ಹೇಳ್ಕೊಂಡು ಓಡಾಡಿದೀನಿ.

ರಾಮಸ್ವಾಮಿ: ಮರೆತಿಲ್ವಲ್ಲ.

ಶಂಭುಲಿಂಗಪ್ಪ ಲೋಟ ಕೆಳಗಿಟ್ಟು, ಚರಣಗಳೂ ಇದೆಯಾ ಸಾರ್ ಎಂದು ಮುಂದೆ ಬಾಗಿದರು. ರಾಮಸ್ವಾಮಿ ಹೆಂಡತಿಯ ಮುಖ ನೋಡಿದರು. ಆಕೆ ತಟ್ಟೆಯನ್ನು ಮತ್ತೆ ಶಂಭುಲಿಂಗಪ್ಪನವರ ಮುಂದೆ ಸರಿಸಿದರು. ಹೇಳಿ, ನಾನೂ ಕೇಳೋಣ ಅಂದರು. ಒಂದು ಚರಣ ಉಪ್ಪಿನ ಮೇಲಿತ್ತು, ಒಂದು ಹುಣಸೆಹಣ್ಣಿನ ಮೇಲೆ, ಕೊನೆಯದು ಅತ್ತೆಯ ಮೇಲೆ. ಅತ್ತೆಯ ಚರಣಕ್ಕೆ ಅಂಬುಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ, ಎರಡನೇ ಚರಣದಲ್ಲಿ ತಾಳ ತಪ್ಪುತ್ತೆ ಎಂದು ಕೂತು ತಿದ್ದಿಸಿದರು.

ಇದನ್ನು ಸಂಜೆ ವೇದಿಕೆಯಲ್ಲೇ ಹಾಡುತ್ತೇನೆ ಎಂದರು ಶಂಭುಲಿಂಗಪ್ಪ. ಮೊದಲು ನಾನು ಮೂಲ ಹಾಡುತ್ತೇನೆ ಎಂದರು ಅಂಬುಜಮ್ಮ. ಶಂಭುಲಿಂಗಪ್ಪ ವಿನಯದಿಂದಲೇ ಬೇಡವೆಂದರು. ಮೊದಲು ಸಾರು ಹಾಡಿ ಜನರನ್ನು ಹಿಡಿದು ಕೂರಿಸೋಣ, ಆಮೇಲೆ ಮೂಲಕ್ಕೆ ಅವರೇ ಕಾಯುತ್ತಾರೆ ಎಂಬುದು ಅವರ ಅನುಭವದ ಮಾತು. ಆಕೆ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಸಂಜೆ ಅಂಬುಜಮ್ಮ ಮಾತಾಡಿದ್ದು ಸ್ವಲ್ಪ ಹೊತ್ತು ಮಾತ್ರ. ಶಂಭುಲಿಂಗಪ್ಪನವರ ನಾಲ್ಕೂ ಆಲ್ಬಂ ಕೇಳಿದ್ದೇನೆ, ಹಾಡುಗಳ ಆಯ್ಕೆಯಿಂದ ನೋಡಿದರೆ ಐದನೆಯದೇ ಶ್ರೇಷ್ಠ, ಅದು ಇನ್ನೂ ಬಂದಿಲ್ಲ ಎಂದು ಹೇಳಿ ಕೂತರು. ಶಂಭುಲಿಂಗಪ್ಪ ಶಾಲು ಹೊದ್ದೇ ತೊಗರಿಬೇಳೆ ಹಾಡಿದರು. ಜನ ಬಿದ್ದು ಬಿದ್ದು ನಕ್ಕರು, ಇನ್ನೊಮ್ಮೆ ಹಾಡಿಸಿದರು. ಆಮೇಲೆ ಅಂಬುಜಮ್ಮ ಮೈಕು ತೆಗೆದುಕೊಂಡರು.

‘ಬೆಳದಿಂಗಳೇ ನೀ ಎಲ್ಲಿರುವೆ,
ಬಾನಿನ ತುಂಬಾ ಹುಡುಕಿರುವೆ...’

ದನಿ ಮೊದಲು ಸ್ವಲ್ಪ ನಡುಗಿತು, ಆಮೇಲೆ ದಾರಿ ಹಿಡಿಯಿತು. ಸಭೆ ಪಿಸುಗುಡದೆ ಕೇಳಿತು. ಮೊದಲ ಸಾಲಿನಲ್ಲಿ ಕೂತಿದ್ದ ರಾಮಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. ಮುಗಿದಾಗ ಬಿದ್ದ ಚಪ್ಪಾಳೆ ಜೋರಾಗಿರಲಿಲ್ಲ, ಆದರೆ ಬೇಗ ನಿಲ್ಲಲಿಲ್ಲ.

ಕಾರ್ಯಕ್ರಮ ಮುಗಿದು ಕೇಸರಿಬಾತು ಹಂಚುತ್ತಿದ್ದಾಗ ಹಿಂದಿನ ಬೀದಿಯ ಸುಬ್ಬಮ್ಮನವರು ಜನರನ್ನು ದಾಟಿಕೊಂಡು ಬಂದು ಅಂಬುಜಮ್ಮನವರ ಕೈ ಹಿಡಿದುಕೊಂಡರು.

ಸುಬ್ಬಮ್ಮ: ಕಂಠ ಬಂಗಾರ ಕಣ್ರೀ ನಿಮ್ದು. ಆದ್ರೆ ಅಷ್ಟು ಚೆನ್ನಾಗಿರೋ ಸಾರಿನ ಹಾಡಿಗೆ ಬೆಳದಿಂಗಳು ಯಾಕೆ ಸೇರಿಸಿದ್ರಿ?

ರಾಮಸ್ವಾಮಿ ವಿವರಿಸಲು ಬಾಯಿ ತೆರೆದರು. ಅಂಬುಜಮ್ಮ ಅವರ ತೋಳು ಹಿಡಿದು ತಡೆದರು.

ಅಂಬುಜಮ್ಮ: ಅಣಕ ಮಾಡಿ ನೋಡಿದೆ ಸುಬ್ಬಮ್ಮ, ಮೊದಲನೇ ಸಲ. ಹೇಗಿತ್ತು?

ಸುಬ್ಬಮ್ಮ ಒಂದು ಚಮಚ ಕೇಸರಿಬಾತು ಬಾಯಿಗಿಟ್ಟುಕೊಂಡು ಯೋಚಿಸಿದರು.

ಸುಬ್ಬಮ್ಮ: ಪರವಾಗಿಲ್ಲ. ನಗು ಮಾತ್ರ ಬರ್ಲಿಲ್ಲ.