ಕಾಕಾ ಉಣ್ಣಬಹುದಾದ ಖಾನಾವಳಿ

ನಮ್ಮ ಕಾಕಾ ಹುಲಿಗೆ ಹೆದರುವವರಲ್ಲ, ಎಮ್ಮೆಗೆ ಹೆದರುತ್ತಾರೆ. ನಗಬೇಡಿ. ಹುಲಿಯ ಮಾತು ಸುಮ್ಮನೆ ಹೇಳಿದ್ದು, ನಮ್ಮ ರಬಕವಿಗೆ ಹುಲಿ ಎಲ್ಲಿಂದ ಬರಬೇಕು? ಆದರೆ ಓಣಿಯಲ್ಲಿ ಹಾವು ಕಂಡರೆ ಕೋಲು ಹಿಡಿದು ಮುಂದೆ ನಿಲ್ಲುವವರು ಇವರೇ. ಘಟಪ್ರಭಾ ಸೇತುವೆಯ ಮೇಲೆ ನೀರು ಹರಿಯುತ್ತಿದ್ದಾಗ ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ದಾಟಿದವರೂ ಇವರೇ. ಇಂಥ ಮನುಷ್ಯನ ಮುಂದೆ ಯಾರಾದರೂ ಒಂದು ವಾಟಗ ಮಜ್ಜಿಗೆ ತಂದಿಟ್ಟರೆ ಹೆಡೆ ಎತ್ತಿದ ಹಾವನ್ನು ಕಂಡ ಉಳಿದವರ ಹಾಗೆ ಹಿಂದೆ ಸರಿಯುತ್ತಾರೆ.

ಕಾರಣವಿದೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಇದರಲ್ಲಿ ಯಾವುದು ಹೊಟ್ಟೆಗೆ ಹೋದರೂ ಕಾಕಾನ ತುಟಿ ಉಬ್ಬುತ್ತದೆ, ಆಮೇಲೆ ಗಂಟಲು ಮುಚ್ಚಿಕೊಳ್ಳುತ್ತದೆ. ಸಣ್ಣವರಿದ್ದಾಗ ಒಂದು ತೊಟ್ಟಿಲ ಕಾರ್ಯದಲ್ಲಿ ಬಾಸುಂದಿ ಕುಡಿದು ನೀಲಿಗಟ್ಟಿದ್ದರಂತೆ. ಜಮಖಂಡಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು ಉಳಿಸಿ, "ಇನ್ನೊಮ್ಮೆ ಹಿಂಗಾದ್ರ ನನ್ನ ತನಕಾ ಬರಾಕ ಹೊತ್ತ ಸಿಗಲಿಕ್ಕಿಲ್ಲ" ಅಂದರಂತೆ. ನಮ್ಮ ಅಜ್ಜಿ ಮಾತ್ರ ಕೊನೆಯವರೆಗೂ ನಂಬಲಿಲ್ಲ. "ಹಾಲ ಕುಡದು ಯಾರ ಸತ್ತಾರ? ದೃಷ್ಟಿ ತಾಗಿತ್ತು" ಎನ್ನುತ್ತಿದ್ದಳು. ನಮ್ಮದು ಕಾಯಿಪಲ್ಯೆಯ ಮನೆ. ಹೀಗಾಗಿ ಮಾಂಸ, ಮೊಟ್ಟೆಗಳನ್ನು ಮನೆತನ ಬಿಡಿಸಿತ್ತು, ಹಾಲು ತುಪ್ಪಗಳನ್ನು ಗಂಟಲು ಬಿಡಿಸಿತ್ತು. ಉಳಿದದ್ದು ಏನು ಎಂದು ಕೇಳಿದರೆ ಕಾಕಾ, "ನೆಲದಾಗ ಹುಟ್ಟಿದ್ದು, ಮತ್ತ ಯಾರೂ ಮುಟ್ಟಲಾರದ್ದು" ಎನ್ನುತ್ತಿದ್ದರು.

ಮದುವೆಯಾಗದಿರುವುದಕ್ಕೂ ಇದೇ ಕಾರಣ. ಚಿಮ್ಮಡದಲ್ಲಿ ಒಂದು ಕನ್ಯೆ ನೋಡಲು ಹೋಗಿದ್ದರು. ಹುಡುಗಿ ತಲೆ ತಗ್ಗಿಸಿಕೊಂಡು ಬಂದು ಬಿಸಿ ಹಾಲಿನ ಲೋಟವನ್ನು ಕಾಕಾನ ಮೂಗಿನ ಕೆಳಗೇ ಹಿಡಿದಳು. ಹಬೆ ಮುಖಕ್ಕೆ ಬಡಿದದ್ದೇ ತಡ, ಕಾಕಾ ಜಮಖಾನೆಯಿಂದ ಎದ್ದು ಅಂಗಳಕ್ಕೆ ಜಿಗಿದರು. ಹುಡುಗಿಯ ಮುಖ ನೋಡಿ ವರ ಓಡಿಹೋದ ಎಂದು ಊರೆಲ್ಲ ಸುದ್ದಿಯಾಯಿತು. ಪಾಪ, ಕಾಕಾ ಆ ಹುಡುಗಿಯ ಮುಖವನ್ನು ನೋಡಿಯೇ ಇರಲಿಲ್ಲ.

ಮನೆಯಲ್ಲಿ ಕುಳಿತು ಮಾಡುವ ಕೆಲಸವಿದ್ದಿದ್ದರೆ ಚಿಂತೆ ಇರಲಿಲ್ಲ. ಕಾಕಾನದು ತಿರುಗುವ ಕೆಲಸ. ರಬಕವಿಯ ಒಬ್ಬ ಸಾಹುಕಾರರ ಸೀರೆಗಳನ್ನು ಗಂಟು ಕಟ್ಟಿಕೊಂಡು ಅಂಗಡಿ ಅಂಗಡಿಗೆ ತೋರಿಸಬೇಕು. ಸೋಮವಾರ ಜಮಖಂಡಿ, ಮಂಗಳವಾರ ಮಹಾಲಿಂಗಪುರ, ಬುಧವಾರ ಮುಧೋಳ, ಗುರುವಾರ ಬೀಳಗಿ. ಬುತ್ತಿ ಕಟ್ಟಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಖಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋಗುತ್ತಿದ್ದರು. ಆದರೆ ವರ್ಷಗಟ್ಟಲೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಣ ರೊಟ್ಟಿ ಮುರಿದು ತಿಂದವರಿಗೆ ಎದುರಿನ ಖಾನಾವಳಿಯಲ್ಲಿ ಹಂಚಿನಿಂದ ಇಳಿಯುತ್ತಿರುವ ರೊಟ್ಟಿಯ ವಾಸನೆ ಏನು ಮಾಡುತ್ತದೆ ಎಂಬುದು ನಿಮಗೆ ಗೊತ್ತಿಲ್ಲ. ಸಾಯದೆ ಒಂದು ಬಿಸಿ ಊಟ ಮಾಡಬೇಕು, ಕಾಕಾನಿಗೆ ಇದ್ದದ್ದು ಅದೊಂದೇ ಆಸೆ.

ನಾನು ಬಿ.ಎ. ಮುಗಿಸಿ ನೌಕರಿಗೆ ಅರ್ಜಿ ಹಾಕುತ್ತ ಮನೆಯಲ್ಲಿದ್ದ ವರ್ಷ ಅದು. ನನ್ನ ತಾಯಿ ಒಂದು ದಿನ ನನ್ನನ್ನು ಕರೆದು, "ಸುಮ್ನ ಕುಂತು ತಿಂತೀಯಲ್ಲ, ಕಾಕಾನ ಜೋಡಿ ಹೋಗಿ ತಿನ್ನು. ಮೊದಲ ನೀ ರುಚಿ ನೋಡು, ಹಾಲು ತುಪ್ಪ ಏನರೆ ಬಿದ್ದಿದ್ರ ಹೇಳು. ಅವನ ಜೀವ ನಿನ್ನ ನಾಲಿಗಿ ಮ್ಯಾಲ ಬಿಟ್ಟೀನಿ" ಅಂದಳು.

ಇದಕ್ಕಿಂತ ಸುಲಭದ ನೌಕರಿ ಉಂಟೇ ಎಂದುಕೊಂಡೆ. ಒಂದು ವಾರದಲ್ಲೇ ಗೊತ್ತಾಯಿತು. ಅನ್ನದ ವಾಸನೆ ಬಂದರೆ ಉಳಿದವರಿಗೆ ಬಾಯಲ್ಲಿ ನೀರು ಬರುತ್ತದೆ, ನನಗೆ ಅಂಗೈಯಲ್ಲಿ ಬರುತ್ತಿತ್ತು. ಡೈರಿ ಬರೆಯುವ ಅಭ್ಯಾಸ ಮೊದಲಿನಿಂದ ಇತ್ತು. ಆ ವರ್ಷ ಪ್ರತಿ ಊರಿಗೊಂದು ಪುಟ ಬಿಟ್ಟು, ಉಣ್ಣಬಹುದು, ಅನುಮಾನ, ಅಪಾಯ ಎಂದು ಮೂರು ಕಲಮುಗಳನ್ನು ಹಾಕಿದೆ. ಅಪಾಯದ ಕಲಮಿಗೆ ಜಾಗ ಸಾಲದೆ ಬೇಗನೇ ಪುಟ ಅಂಟಿಸಬೇಕಾಯಿತು.

ಜಮಖಂಡಿಯ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕಾಕಾ ಹಾಲಿಲ್ಲದ ಚಹಾ ಕೇಳಿದರು. ನಮ್ಮ ಕಡೆ ಅಂಥ ಚಹಾ ಸಾವಿನ ಮನೆಯಲ್ಲಷ್ಟೇ. ಮಾಣಿ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿ, ದನಿ ತಗ್ಗಿಸಿ, "ಮನ್ಯಾಗ ಯಾರ ತೀರಿಕೊಂಡ್ರರೀ?" ಅಂದ.

"ಇನ್ನೂ ಯಾರೂ ಇಲ್ಲ. ನೀ ಹಾಲ ಹಾಕಿದ್ರ ನಾ ತೀರಿಕೋತೀನಿ" ಅಂದರು ಕಾಕಾ.

ಚಹಾ ಬಂತು. ಕಪ್ಪಗೆ, ಬಿಸಿಯಾಗಿ ಇತ್ತು. ನಾನು ಒಂದು ಗುಟುಕು ಕುಡಿದು ತಲೆಯಾಡಿಸಿದೆ. ಕಾಕಾ ಲೋಟವನ್ನು ತುಟಿಯ ತನಕ ಒಯ್ದು ಹಾಗೇ ನಿಲ್ಲಿಸಿದರು. ಅವರ ಕಣ್ಣು ಗಲ್ಲೆಯ ಪಕ್ಕದ ಒಲೆಯ ಕಡೆ ಇತ್ತು. ಅಲ್ಲಿ ಚಹಾ ಸೋಸುವ ಅರಿವೆ ನೇತಾಡುತ್ತಿತ್ತು, ಅದರ ತುದಿಯಿಂದ ಹಾಲಿನ ಚಹಾದ ಹನಿಗಳು ಬೀಳುತ್ತಿದ್ದವು.

"ಮಾಲಕರ, ಇದನ್ನೂ ಅದರಾಗ ಸೋಸಿದ್ರೇನು?"

"ಅಂಜಬ್ಯಾಡ್ರಿ, ಅದನ್ನ ಒಗದೇವಿ."

"ಯಾವಾಗ?"

ಮಾಲಕರು ನೆನಪು ಮಾಡಿಕೊಳ್ಳುತ್ತ ಮೇಲೆ ನೋಡಿದರು. ಅವರು ಕೆಳಗೆ ನೋಡುವ ಹೊತ್ತಿಗೆ ನಾವು ಅಲ್ಲಿರಲಿಲ್ಲ. ಆ ದಿನವೆಲ್ಲ ನಾನು ಐದೈದು ನಿಮಿಷಕ್ಕೊಮ್ಮೆ ಕಾಕಾನ ತುಟಿಯನ್ನೇ ನೋಡುತ್ತಿದ್ದೆ. "ಹಿಂಗ ಯಾಕ ನೋಡ್ತೀ, ಮಂದಿ ಏನ ತಿಳಕೊಂಡಾರು" ಎಂದು ಬೈದರು.

ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆಯ ಹಿಂದೆ ಒಂದು ಖಾನಾವಳಿ. ಅದರ ಮಾಲಕರು ಗುಂಡಗಿನ, ನಗುಮುಖದ ಮನುಷ್ಯ. ಎದೆ ಮುಟ್ಟಿಕೊಂಡು ಹೇಳಿದರು:

"ನಮ್ಮಲ್ಲಿ ಒಂದ ಹನಿ ಹಾಲಿಲ್ರಿ. ಕಣ್ಣ ಮುಚಗೊಂಡು ಉಣ್ರಿ."

"ಮೊಸರು?"

"ಮೊಸರಂದ್ರ ಹಾಲಲ್ಲಲ್ರಿ ಅದು."

"ಬ್ಯಾಳಿ ಒಗ್ಗರಣಿ ಯಾತರಾಗ ಹಾಕೀರಿ?"

"ತುಪ್ಪದಾಗರಿ, ಮತ್ತ? ದೊಡ್ಡ ಮಂದಿ ಬರೂ ಜಾಗಾ ಇದು."

"ತುಪ್ಪ ಎಲ್ಲಿಂದ ಬರ್ತೈತಿ?"

"ಬೆಣ್ಣಿಯಿಂದರಿ."

"ಬೆಣ್ಣಿ?"

ಮಾಲಕರು ಬಹಳ ಹೊತ್ತು ಯೋಚಿಸಿದರು. ನಂತರ ಸಮಾಧಾನದಿಂದ, "ಮಾರವಾಡಿ ಅಂಗಡ್ಯಾಗಿಂದರಿ" ಅಂದರು.

ಮುಧೋಳದಲ್ಲಿ ಒಬ್ಬ ಖಾನಾವಳಿಯವರು ನಿಜವಾಗಿಯೂ ದಾರಿ ತೋರಿಸಿದರು. ಕಾಕಾನ ಕಥೆಯನ್ನೆಲ್ಲ ಕೇಳಿ, ಕರಗಿ, ನಮ್ಮನ್ನು ಮುಂದಿನ ಓಣಿಯ ಇನ್ನೊಂದು ಖಾನಾವಳಿಗೆ ತಾವೇ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲಿಯ ಹುಡುಗ, "ಸುಕ್ಕಾ ತರ್ಲೇನ್ರಿ? ಎಣ್ಣ್ಯಾಗ ಮಾಡಿದ್ದು, ಹಾಲಿನ ವಾಸನೀನೂ ಇಲ್ಲ" ಅಂದ.

"ಯಾತರದಪಾ ಅದು?"

"ಕೋಳೀದರಿ. ಕೋಳಿ ಹಾಲ ಕೊಡೂದಿಲ್ಲಲ್ರಿ."

ಆ ಹುಡುಗನ ಮಾತಿನಲ್ಲಿ ತಪ್ಪು ಹುಡುಕಿರಿ, ನೋಡೋಣ. ಕಾಕಾನಿಗೂ ಸಿಗಲಿಲ್ಲ. ಕೈಮುಗಿದು ಎದ್ದು ಬಂದು ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿ ಖಟಿ ರೊಟ್ಟಿ ಮುರಿದರು. "ತಮ್ಮಾ, ಈ ಕಡೆ ಎಮ್ಮಿ, ಆ ಕಡೆ ಕೋಳಿ. ನಡುವ ಮನುಷ್ಯಾ ಹೆಂಗ ಬದಕಬೇಕು?" ಅಂದರು. ನಗಲೆಂದೇ ಅಂದದ್ದು. ಆದರೆ ರೊಟ್ಟಿ ಮುರಿದ ಸದ್ದು ನನಗೆ ಯಾಕೋ ಎಲುಬು ಮುರಿದಂತೆ ಕೇಳಿಸಿತು.

ಇಷ್ಟೆಲ್ಲ ಆದ ಮೇಲೆ ಬೀಳಗಿಯಲ್ಲಿ ಒಂದು ಸಿಕ್ಕಿತು. ಬಸ್‌ಸ್ಟ್ಯಾಂಡ್ ದಾಟಿ ಸ್ವಲ್ಪ ಮುಂದೆ, ಹೆಸರಿನ ಹಲಗೆಯಿಲ್ಲದ ಒಂದು ಕೋಣೆ. ಹಣೆ ತುಂಬ ವಿಭೂತಿ ಹಚ್ಚಿದ ಒಬ್ಬ ಮುದುಕಿ ಒಬ್ಬಳೇ ಮಾಡಿ ಬಡಿಸುತ್ತಿದ್ದಳು. ಎಲ್ಲರೂ ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದರು. ಬಸ್ಸಿನ ಡ್ರೈವರು, ಕಂಡಕ್ಟರುಗಳೇ ಹೆಚ್ಚಿನ ಗಿರಾಕಿಗಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳಿನ ಹಿಂಡಿ, ಉಳ್ಳಾಗಡ್ಡಿ, ಕಡೆಗೆ ಜೋಳದ ನುಚ್ಚು, ಅದರ ಮೇಲೆ ಬಳ್ಳೊಳ್ಳಿಯ ಖಾರದ ಸಾರು. ಎಲ್ಲವೂ ಶೇಂಗಾ ಎಣ್ಣೆಯಲ್ಲಿ. ಮಜ್ಜಿಗೆಯ ಗಡಿಗೆ ಹೊರಗೆ ಪಡಸಾಲೆಯಲ್ಲಿ, ಬೇಕಾದವರು ಎದ್ದು ಹೋಗಿ ಹಾಕಿಕೊಳ್ಳಬೇಕು. ತುಪ್ಪವನ್ನು ಆಕೆ ಇಡುತ್ತಲೇ ಇರಲಿಲ್ಲ.

ಕಾಕಾ ಆ ದಿನ ಉಂಡದ್ದನ್ನು ನಾನು ವರ್ಣಿಸಲಾರೆ. ಬೆವರು, ಕಣ್ಣೀರು, ಮೂಗಿನ ನೀರು ಎಲ್ಲ ಒಟ್ಟಿಗೆ. ಮುಂದಿನ ಗುರುವಾರ ಮತ್ತೆ ಹೋದೆವು, ಅದರ ಮುಂದಿನ ಗುರುವಾರವೂ. ಉಣ್ಣಬಹುದು ಎಂಬ ಕಲಮಿನಲ್ಲಿ ಹೊರಗಿನ ಊಟ ಅದೊಂದೇ. ಬರಬರುತ್ತ ಕಾಕಾ ಅಲ್ಲಿ ತುತ್ತನ್ನು ಮೂಸಿ ನೋಡುವುದನ್ನು ಬಿಟ್ಟರು. ಅದನ್ನು ಕಂಡು ನನಗೆ ಮಾತ್ರ ಭಯ ಹೆಚ್ಚಾಯಿತು.

ಮೊದಲ ದಿನವೇ ಕಾಕಾ ಅವ್ವನಿಗೆ ಹೇಳಿದ್ದರು, "ಅವ್ವಾ, ನನಗ ತುಪ್ಪ ಒಲ್ಲೆ, ಗಂಟಲಿಗಿ ಆಗೂದಿಲ್ಲ." ಆದರೆ ನಮ್ಮ ಸೀಮೆಯ ಒಲ್ಲೆಯ ಸಂಗತಿ ನಿಮಗೆ ಗೊತ್ತೇ ಇದೆ. ತುಪ್ಪ ಬಡಿಸಲು ಬಂದರೆ ಯಾರೂ ಮೊದಲ ಸಲಕ್ಕೆ ಹೂಂ ಅನ್ನುವುದಿಲ್ಲ. ಕೈ ಅಡ್ಡ ಹಿಡಿಯುತ್ತಾರೆ, ಸಾಕು ಅನ್ನುತ್ತಾರೆ, ಆಗೂದಿಲ್ಲ ಅನ್ನುತ್ತಾರೆ. ಅದನ್ನು ನಂಬಿ ಹಿಂದೆ ಹೋದವರನ್ನು ಬಡಿಸಲು ಬಾರದವರು ಎನ್ನುತ್ತಾರೆ. ಅವ್ವ ಬಡಿಸಲು ಬಲ್ಲವಳು. ಈ ಗಂಟು ಹೊರುವ ಮನುಷ್ಯನ ಕೈಯಲ್ಲಿ ದುಡ್ಡಿಲ್ಲ, ಮಾನಕ್ಕೆ ಅಂಜಿ ಒಲ್ಲೆ ಅನ್ನುತ್ತಾನೆ ಎಂದು ತಿಳಿದಳು. ಒಂದು ಗುರುವಾರ ಮಗಳ ಮನೆಯಿಂದ ತಂದ ತುಪ್ಪವನ್ನು ಕಾಕಾನ ತಟ್ಟೆಯಲ್ಲಿ ಮೊದಲು ಹಾಕಿ, ಅದರ ಮೇಲೆ ನುಚ್ಚು ಇಟ್ಟು ಮುಚ್ಚಿ, ಮೇಲೆ ಸಾರು ಸುರಿದಳು.

ಅದೇ ಪಾತ್ರೆಯ ನುಚ್ಚು ನನ್ನ ತಟ್ಟೆಗೂ ಬಿದ್ದಿತ್ತು. ನಾನು ಮೊದಲು ತಿಂದು ತಲೆಯಾಡಿಸಿದೆ. ಕಾಕಾ ಮೇಲಿನಿಂದ ಉಣ್ಣುತ್ತ ಬಂದರು, ಅವ್ವ ಬಾಗಿಲಲ್ಲಿ ನಿಂತು ನಗುತ್ತ ನೋಡುತ್ತಿದ್ದಳು.

ಒಮ್ಮೆಲೇ ಕಾಕಾನ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ನೋಡಿದರು. ತುಟಿ ಆಗಲೇ ದಪ್ಪವಾಗುತ್ತಿತ್ತು. ಏನೋ ಹೇಳಲು ಬಾಯಿ ತೆರೆದರು, ಮಾತಿನ ಬದಲು ಸಿಳ್ಳಿನಂಥ ಒಂದು ಸದ್ದು ಬಂತು. ಪಕ್ಕದಲ್ಲಿ ಉಣ್ಣುತ್ತಿದ್ದ ಡ್ರೈವರು ಎಂಜಲು ಕೈಯಲ್ಲೇ ಕಾಕಾನನ್ನು ಎತ್ತಿದ, ಕಂಡಕ್ಟರು ಕಾಲು ಹಿಡಿದ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಬಾಗಲಕೋಟೆಯ ಬಸ್ಸನ್ನು, ಕುಳಿತ ಜನರ ಸಮೇತ, ನೇರವಾಗಿ ದವಾಖಾನೆಗೆ ತಿರುಗಿಸಿದರು.

"ಬಾಗಲಕೋಟಿ ಈ ಕಡಿ ಅಲ್ರಿ, ಡ್ರೈವರ ಸಾಹೇಬ್ರ" ಎಂದು ಹಿಂದಿನಿಂದ ಒಬ್ಬರು ಕೂಗಿದರು.

"ಸುಮ್ನ ಕುಂದರ್ರಿ, ಇಲ್ಲೊಬ್ಬರು ಅದಕ್ಕಿಂತಾ ದೂರ ಹೊಂಟಾರ" ಅಂದ ಕಂಡಕ್ಟರು.

ಕಾಕಾನ ತಲೆ ನನ್ನ ತೊಡೆಯ ಮೇಲಿತ್ತು. ಸಿಳ್ಳಿನ ಸದ್ದು ಸಣ್ಣದಾಗುತ್ತ ಹೋಯಿತು. ಅದು ನಿಂತುಹೋದೀತೆಂದು ಅಂಜಿ ನಾನು ಕಿವಿಗೊಟ್ಟಿದ್ದೆ.

ಡಾಕ್ಟರು ಇದ್ದರು. ಇಂಜೆಕ್ಷನ್ನೂ ಇತ್ತು. ಬಹಳ ಹೊತ್ತಿನ ಮೇಲೆ ಕಾಕಾ ಕಣ್ಣು ತೆರೆದು, ಬದನೆಕಾಯಿಯಂಥ ತುಟಿಗಳ ನಡುವಿನಿಂದ, "ಸೀರಿ ಗಂಟ?" ಅಂದರು. ಗಂಟು ಬಾಗಿಲ ಹೊರಗಿತ್ತು. ಅವ್ವ ಅದನ್ನು ತಲೆಯ ಮೇಲೆ ಹೊತ್ತು ತಂದು, ಇಳಿಸಿ, ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು. ಒಳಗೆ ಬರಲಿಲ್ಲ. "ನಾಚಿಕೊಂಡು ಒಲ್ಲೆ ಅಂತಾನ ಅಂದಕೊಂಡ್ನೆಪಾ, ನಾಚಿಕೊಂಡು" ಎಂದು ಅದೊಂದನ್ನೇ ಅನ್ನುತ್ತಿದ್ದಳು.

ಮನೆಯಲ್ಲಿ ತಾಯಿ ತೀರ್ಪು ಕೊಟ್ಟಳು. ಇನ್ನು ಹೊರಗಿನ ಒಂದು ಅಗುಳೂ ಇಲ್ಲ. ಮತ್ತೆ ಖಟಿ ರೊಟ್ಟಿ, ಮತ್ತೆ ಕಟ್ಟೆ. ನಾನು ಡೈರಿಯಲ್ಲಿ ಬೀಳಗಿಯನ್ನು ಹೊಡೆದುಹಾಕಿ ಅಪಾಯದ ಕಲಮಿಗೆ ಬರೆದೆ, ನೆಮ್ಮದಿಯೆನಿಸಿತು.

ದೀಪಾವಳಿಗೆ ಮೊದಲಿನ ಒಂದು ಗುರುವಾರ. ಬೀಳಗಿಯ ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತಿದ್ದೆವು. ಆ ಕಂಡಕ್ಟರು ಗುರುತು ಹಿಡಿದು ಬಂದು ಕುಳಿತ.

"ಆರಾಮ ಅದೀರಲ್ರಿ? ಛಲೋ ಆತು. ಅವ್ವಂದ ಆರಾಮ ಇಲ್ಲ ನೋಡ್ರಿ. ಬಡಸಾಕ ಹೆದರ್ತಾಳ. ತಟ್ಟಿ ಇಟ್ಟು, ನಿನಗಿದು ಆಗ್ತೈತೇನು, ಖರೆ ಹೇಳು, ಖರೆ ಹೇಳು ಅಂತ ಕೈ ಹಿಡಕೊಂಡು ಕುಂದರತಾಳ. ಉಣ್ಣೂ ಮಂದಿಗೆ ಗಂಟಲ್ದಾಗ ಇಳಿಬೇಕಲ್ರಿ? ಎಲ್ಲಾರೂ ಬಿಟ್ರು. ನಾನೂ ಬಿಟ್ಟೆ."

ಕಾಕಾ ಮುರಿದ ರೊಟ್ಟಿಯನ್ನು ಮತ್ತೆ ಅರಿವೆಯಲ್ಲಿ ಕಟ್ಟಿದರು. ಎದ್ದು ಗಂಟನ್ನು ಹೆಗಲಿಗೆ ಹಾಕಿದರು.

"ಕಾಕಾ, ಬ್ಯಾಡ್ರಿ," ಅಂದೆ. "ಮನ್ಯಾಗ ನಮ್ಮವ್ವ ನನ್ನ ಕೊಲ್ತಾಳ."

"ನಿಮ್ಮವ್ವಗ ನಾ ಹೇಳ್ತೀನಿ. ನಡಿ."

ಕೋಣೆ ಖಾಲಿಯಿತ್ತು. ಅವ್ವ ಆರಿದ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. ಕಾಕಾನನ್ನು ಕಂಡು ಗೋಡೆಗೆ ಸರಿದಳು.

"ಯಾಕ ಬಂದೀ? ಹೋಗಪಾ, ನಿನ್ನ ಕಾಲ ಬೀಳ್ತೀನಿ. ನಾ ಬಡಸೂದಿಲ್ಲ."

"ಒಲಿ ಹಚ್ಚು ಅವ್ವಾ."

"ಮತ್ತೇನರೆ ಆತಂದ್ರ?"

"ಆಗೂದಿಲ್ಲ. ಒಲಿ ಹಚ್ಚು."

ಕೊನೆಗೆ ಅವ್ವ ಎದ್ದು ಮೊಣಕೈ ತನಕ ಸಾಬೂನು ಹಚ್ಚಿ ಕೈ ತೊಳೆದಳು. ಹಂಚನ್ನು ತಿಕ್ಕಿದಳು, ಹಿಟ್ಟು ನಾದುವ ಕೊಣಮಿಗೆಯನ್ನು ತಿಕ್ಕಿದಳು, ಮತ್ತೊಮ್ಮೆ ಕೈ ತೊಳೆದಳು. "ಇಲ್ಲೇ ಬಂದು ಕುಂದರು. ಹಿಟ್ಟ ನೋಡು, ನೀರ ನೋಡು, ನನ್ನ ಕೈ ನೋಡು. ನೋಡಕೋತ ಇರು" ಅಂದಳು.

ಕಾಕಾ ಒಲೆಯ ಹತ್ತಿರ ಹೋದರು. ಅಲ್ಲಿ ಆಕೆಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿಕೊಂಡು ಕುಳಿತುಬಿಟ್ಟರು.

ನಾನು ಬಾಗಿಲಲ್ಲಿ ನಿಂತಿದ್ದೆ. ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಡುವೆ ನಿಂತಿತು. ಮತ್ತೆ ಶುರುವಾಗಿ, ಮತ್ತೆ ನಿಂತಿತು. ನಿಂತಾಗಲೆಲ್ಲ ಕಾಕಾ ಹಿಂದೆ ತಿರುಗದೆ ಹೇಳುತ್ತಿದ್ದರು:

"ಬಡಿ ಅವ್ವಾ, ಹಸದೇನಿ."