ವಿಮೆಯವನಿಗೆ ಮಾಡಿದ ಉಪಚಾರ

‘ಬೇಡ’ ಎಂಬ ಮಾತನ್ನು ನಂಬಲು ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ಡ್ಯೂಸೆಲ್ಡಾರ್ಫಿನಲ್ಲಿ, ಅದೂ ಅರ್ಧಂಬರ್ಧ. ನಮ್ಮ ಕಡೆ ಊಟಕ್ಕೆ ಕೂತವನು ಮೊದಲ ಸಲ ಬೇಡವೆಂದರೆ ಅದು ಮರ್ಯಾದೆ. ಎರಡನೆಯ ಸಲ ಅಂದರೆ ಸಂಕೋಚ. ಮೂರನೆಯ ಸಲ ಅಂದರೆ ಎದುರು ಪಂಕ್ತಿಯಲ್ಲಿ ಅವನ ಹೆಂಡತಿ ಕೂತಿದ್ದಾಳೆ ಎಂದು ಅರ್ಥ. ನಿಜವಾಗಿ ಬೇಡದವನು ಎದ್ದು ಓಡುತ್ತಾನೆ. ಉಡುಪಿ ಹತ್ತಿರದ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನು ಎಂದು ತೋಚದೆ ಇದ್ದ ದಿನಗಳಲ್ಲಿ ನನಗೆ ಇದ್ದ ಒಂದೇ ಕೀರ್ತಿ ಬಡಿಸುವುದರದ್ದು. ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದ ಪಾಯಸ ಇಳಿಸುವ ವಿದ್ಯೆ ನನಗೆ ಒಲಿದಿತ್ತು. ದೂರದ ಮದುವೆಗಳಿಂದಲೂ ಕರೆ ಬರುತ್ತಿತ್ತು. ಎಷ್ಟು ಜನರ ಹೊಟ್ಟೆ ಕೆಡಿಸಿದ್ದೇನೋ, ಈಗ ನೆನೆದರೆ ತಪ್ಪಾಯಿತು ಅನ್ನಿಸುತ್ತದೆ. ಆಗ ಮಾತ್ರ ಅದನ್ನು ಪುಣ್ಯದ ಕೆಲಸ ಎಂದೇ ತಿಳಿದಿದ್ದೆ.

ಜರ್ಮನಿಗೆ ನಾನು ಬಂದದ್ದು ನನ್ನ ಯೋಗ್ಯತೆಯಿಂದಲ್ಲ. ಹೆಂಡತಿ ವಾರಿಜ ನರ್ಸು. ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಸಾಮಾನುಗಳ ಜೊತೆ ನಾನೂ ಬಂದೆ. ಎಷ್ಟೋ ವರ್ಷ ನಮ್ಮ ಬೀದಿಯಲ್ಲಿ ನನಗೆ ಹೆಸರೇ ಇರಲಿಲ್ಲ. ‘ಸಿಸ್ಟರ್ ವಾರಿಜಳ ಗಂಡ’ ಎನ್ನುತ್ತಿದ್ದರು. ಅವಳು ದುಡಿದು ಬರುವಾಗ ನಾನು ಆಲೂಗಡ್ಡೆ ಸುಲಿದಿಟ್ಟಿರುತ್ತಿದ್ದೆ. ಕೊನೆಗೂ ರೈನ್ ನದಿಗೆ ಹೋಗುವ ಒಂದು ಓಣಿಯಲ್ಲಿ ನಾಲ್ಕಾರು ಮೇಜು ಹಾಕಿ ಸಣ್ಣ ಹೋಟೆಲು ತೆರೆದಾಗ ಬಾಗಿಲ ಮೇಲೆ ನನ್ನ ಹೆಸರು ಬರೆಸಿದೆ. ಗ್ರೀನ್ ಕಾರ್ಡ್ ಕೊಟ್ಟು ನಮ್ಮ ಕಂಪ್ಯೂಟರ್ ಹುಡುಗರನ್ನು ಜರ್ಮನಿ ಕರೆಸಿಕೊಳ್ಳುತ್ತಿದ್ದ ಕಾಲ ಅದು. ಮನೆಯೂಟಕ್ಕೆ ಬಾಯಿಬಿಡುತ್ತಿದ್ದ ಆ ಹುಡುಗರಿಂದ ಮೇಜು ತುಂಬಿತು. ಅವರ ಹಿಂದೆ ಅವರ ಆಫೀಸಿನ ಜರ್ಮನ್ನರೂ ಬಂದರು. ಕೋಳಿ ಸುಕ್ಕ ಬಾಯಿಗಿಟ್ಟ ಕೂಡಲೇ ಅವರು ಕೆಂಪಾಗಿ ‘ಬಿಯರ್!’ ಎಂದು ಕೂಗತೊಡಗಿದರು. ಬಿಯರ್ ಕೊಡಲು ಸರ್ಕಾರದ ಪರವಾನಗಿ ಸುಲಭವಾಗಿಯೇ ಸಿಕ್ಕಿತು. ಅಡ್ಡ ಬಂದವಳು ಕಟ್ಟಡದ ಒಡತಿ ಫ್ರೌ ಲೆಂಟ್ಸ್. ನನಗಿಂತ ಮೊದಲು ಅಲ್ಲಿ ಅಂಗಡಿ ಇಟ್ಟವನ ಗಿರಾಕಿಯೊಬ್ಬ ಕುಡಿದು ಮೆಟ್ಟಿಲಿನಿಂದ ಉರುಳಿ, ವಕೀಲರು ಇವಳ ಮನೆಗೂ ಬಂದಿದ್ದರಂತೆ. “ಕುಡಿದವರು ಬಿದ್ದರೆ ಯಾರು ಹೊಣೆ? ತಿಂಗಳು ಮುಗಿಯುವುದರೊಳಗೆ ವಿಮೆಯ ಪಾಲಿಸಿ ತನ್ನಿ. ಇಲ್ಲವಾದರೆ ಅಂಗಡಿ ಖಾಲಿ ಮಾಡಿ” ಎಂದಳು.

ಜರ್ಮನ್ನರು ಎಲ್ಲದಕ್ಕೂ ವಿಮೆ ಮಾಡಿಸುತ್ತಾರೆ. ನಾಯಿ ಕಚ್ಚಿದರೆ ಒಂದು, ಮಗು ಪಕ್ಕದ ಮನೆಯ ಕಿಟಕಿ ಒಡೆದರೆ ಒಂದು. ಇನ್ನೊಬ್ಬರಿಗೆ ನಮ್ಮಿಂದಾಗುವ ಹಾನಿಯ ಈ ವಿಮೆಗೆ ಅವರು ಹಾಫ್ಟ್‌ಫ್ಲಿಖ್ಟ್ ಎನ್ನುತ್ತಾರೆ. ಆ ಮಾತನ್ನು ಸರಿಯಾಗಿ ಉಚ್ಚರಿಸಲು ಹೊರಟವನಿಗೆ ಹಲ್ಲಿನ ವಿಮೆಯೂ ಬೇಕಾಗುತ್ತದೆ. ಅಂತೂ ವಿಮೆ ಕಂಪನಿಯ ಹೆರ್ ಕ್ರಾಮರ್ ಒಂದು ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಹೆಲ್ಮೆಟ್ಟು. ಮೆಟ್ಟಿಲು ಅಳೆದ, ನೆಲದ ಮೇಲೆ ಬೂಟು ಜಾರಿಸಿ ನೋಡಿದ. ಆಮೇಲೆ ಕೂತು, “ಗಿರಾಕಿ ತಾನಾಗಿ ಕುಡಿದು ಬಿದ್ದರೆ ಅವನ ಪಾಡು. ನೀವು ಒತ್ತಾಯಿಸಿ ಕುಡಿಸಿ ಬಿದ್ದರೆ ಹೊಣೆ ನಿಮ್ಮದು. ನಾನು ನೋಡಬೇಕಾದದ್ದು ಅಷ್ಟೆ” ಎಂದ. ನನ್ನ ಕಿವಿ ಅದನ್ನು ಕೇಳಿಸಿಕೊಂಡಿತು. ಕೈ ಮಾತ್ರ ಆಗಲೇ ನೀರುದೋಸೆ ಹಾಕಿ, ಕೋಳಿ ಸುಕ್ಕ, ಬಿಯರ್ ತಂದಿಡಲು ಹೋಗಿತ್ತು.

ಇಲ್ಲಿ ಈ ಊರಿನ ಒಂದು ಪದ್ಧತಿ ಹೇಳಬೇಕು. ಡ್ಯೂಸೆಲ್ಡಾರ್ಫಿನ ಬಿಯರ್ ಹೆಸರು ಆಲ್ಟ್, ಬಣ್ಣ ನಮ್ಮ ಬೆಲ್ಲದ ಕಾಫಿಯದ್ದು, ಗ್ಲಾಸು ಚಿಕ್ಕದು. ಖಾಲಿಯಾದ ಕೂಡಲೇ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಸಾಕಾದವನು ಗ್ಲಾಸಿನ ಅಡಿಯ ರಟ್ಟಿನ ಬಿಲ್ಲೆಯನ್ನು ತೆಗೆದು ಗ್ಲಾಸಿನ ಮೇಲೆ ಮುಚ್ಚಿಡಬೇಕು. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಆ ಗ್ಲಾಸು ಮುಟ್ಟುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆರ್ ಕ್ರಾಮರ್ ಮೊದಲ ಗ್ಲಾಸು ಮುಗಿಸಿ ಬಿಲ್ಲೆ ಮುಚ್ಚಿಟ್ಟು “ನೈನ್, ಡಾಂಕೆ”, ಅಂದರೆ ಬೇಡ, ಧನ್ಯವಾದ ಎಂದಾಗ ನನ್ನ ಕಣ್ಣಿಗೆ ಕಂಡದ್ದು ಬಿಲ್ಲೆಯಲ್ಲ, ಎಲೆಯ ಮೇಲೆ ಅಡ್ಡ ಹಿಡಿದ ಅಂಗೈ. ಬಿಲ್ಲೆ ಎತ್ತಿದೆ, ಸುರಿದೆ.

ಅವನು ಬೆಚ್ಚಿ ನೋಡಿದ. ಆದರೆ ತುಂಬಿದ ಗ್ಲಾಸನ್ನು ಬಿಟ್ಟೇಳುವುದು ಅವನ ರಕ್ತದಲ್ಲಿ ಇರಲಿಲ್ಲ. ಬಾಯಲ್ಲಿ ಸುಕ್ಕದ ಖಾರ ಬೇರೆ. ಕುಡಿದ, ಮುಚ್ಚಿದ. ನಾನು ಎತ್ತಿದೆ. ಅವನು ಈ ಸಲ ಬಿಲ್ಲೆಯ ಮೇಲೆ ತನ್ನ ಪೆನ್ನನ್ನೂ ಇಟ್ಟ. ಎಷ್ಟು ಸಂಕೋಚದ ಮನುಷ್ಯ ಎಂದು ನನಗೆ ಪ್ರೀತಿಯೇ ಉಕ್ಕಿತು.

ಪಕ್ಕದ ಮೇಜಿನಲ್ಲಿ ನಮ್ಮ ಖಾಯಂ ಗಿರಾಕಿ ಬಸವರಾಜ ಇದ್ದ. ಹುಬ್ಬಳ್ಳಿಯ ಎಂಜಿನಿಯರು.

“ಕಾಕಾ, ಅಂವಾ ಬ್ಯಾಡ ಅನ್ನಾಕತ್ತಾನ್ರೀ” ಎಂದ.

“ಬಾಯಲ್ಲಿ ಅಂತಾನೆ ಮಾರಾಯ. ಕಣ್ಣು ನೋಡು.”

“ಕಣ್ಣಾಗ ನೀರು ಬಂದಾವ್ರೀ, ಖಾರಕ್ಕ!”

“ಖಾರ ಆದ್ರೆ ಕುಡೀಲಿಕ್ಕೆ ಬೇಡ್ವಾ?” ಎಂದು ನಾನು ಮತ್ತೆ ಸುರಿದೆ. ಹೆರ್ ಕ್ರಾಮರ್ ತನ್ನ ಪ್ರಶ್ನೆಗಳನ್ನು ಓದುತ್ತಿದ್ದ. ಅಕ್ಷರಗಳು ಓಡುತ್ತಿದ್ದವೋ ಏನೋ, ಒಂದು ಕಣ್ಣು ಮುಚ್ಚಿಕೊಂಡಿದ್ದ. “ಗಿರಾಕಿಗಳನ್ನು ನೀವು ಯಾವತ್ತಾದರೂ ಒತ್ತಾಯಿಸುವುದುಂಟೇ?” ಎಂದು ಕೇಳಿದ. “ನೈನ್!” ಎಂದು ಎದೆ ಮುಟ್ಟಿಕೊಂಡು ಹೇಳಿದೆ. ಎಡಗೈಯಿಂದ ಮುಟ್ಟಿಕೊಂಡೆ, ಬಲಗೈಯಲ್ಲಿ ಬಿಯರ್ ಇತ್ತು. ಅವನು ಬಹಳ ಹೊತ್ತು ನನ್ನ ಬಲಗೈಯನ್ನೇ ನೋಡಿದ. ಆಮೇಲೆ ಸಹಿ ಹಾಕದೆಯೇ ಕಾಗದ ಮಡಚಿ ಜೇಬಿಗಿಟ್ಟು, ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ಎದ್ದ. ನೆಟ್ಟಗೆ ಬಾಗಿಲಿನ ಕಡೆ ಹೊರಟವನು ಅಡುಗೆಮನೆಯೊಳಗೆ ಹೋದ.

ಅದೇ ಹೊತ್ತಿಗೆ ವಾರಿಜ ಆಸ್ಪತ್ರೆಯಿಂದ ಬಂದಳು.

“ಇದು ಯಾರು ಮಾರಾಯ್ರೆ, ಒಲೆಗೆ ನಮಸ್ಕಾರ ಮಾಡ್ತಾ ಇದ್ದಾರಲ್ಲ?”

“ವಿಮೆಯವರು.”

“ವಿಮೆ ಆಯ್ತಾ?”

“ಇಲ್ಲ. ಊಟ ಆಯ್ತು.”

ಅವಳು ಮೇಜು ನೋಡಿದಳು, ಖಾಲಿ ಗ್ಲಾಸು ನೋಡಿದಳು, ನನ್ನ ಮುಖ ನೋಡಿದಳು. “ಈಗ ಈ ಜನ ಸೈಕಲ್ ಹತ್ತಿ ಬಿದ್ರೆ ಯಾರ ತಲೆಗೆ?” ಎಂದಳು. ಆಗ ನನಗೆ ಲೆಕ್ಕ ಹೊಳೆಯಿತು. ಕುಡಿಸಿದವನು ನಾನು, ಅದೂ ಸಾಕ್ಷಿಯ ಎದುರಿಗೇ ಒತ್ತಾಯ ಮಾಡಿ. ವಿಮೆಯ ಕಾಗದ ಬೀಳಲಿರುವವನ ಜೇಬಿನಲ್ಲೇ ಇದೆ, ಸಹಿ ಇಲ್ಲದೆ. ಇವನು ಒಂದು ಸಲ ಮುಗ್ಗರಿಸಿದರೆ ಸಾಕು, ಬಾಗಿಲ ಮೇಲಿನ ನನ್ನ ಹೆಸರು ಇಳಿಯುತ್ತದೆ, ನಾನು ಮತ್ತೆ ಆಲೂಗಡ್ಡೆಯ ಮುಂದೆ ಕೂರುತ್ತೇನೆ.

“ಬೀಳ್ಲಿಕ್ಕೆ ಬಿಡ್ಬೇಡಿ. ಹಿಡ್ಕೊಳ್ಳಿ!” ಎಂದಳು ವಾರಿಜ.

ಹಾಡುಹಗಲು ಮೂರು ಗಂಟೆಗೆ ಅವನ ಮನೆಯ ಕಡೆ ಮೆರವಣಿಗೆ ಹೊರಟಿತು. ಬಲಗಡೆ ತೋಳು ಹಿಡಿದು ನಾನು, ಎಡಗಡೆ ನಾಡಿ ಹಿಡಿದು ವಾರಿಜ, ಹಿಂದೆ ಸೈಕಲ್ಲು ತಳ್ಳುತ್ತ ಬಸವರಾಜ. ಮದುವೆಯಲ್ಲಿ ವರನನ್ನೂ ಅಷ್ಟು ಜೋಪಾನವಾಗಿ ಕರೆದೊಯ್ಯುವುದಿಲ್ಲ. ಹೆರ್ ಕ್ರಾಮರ್‌ಗೆ ಕಾಲು ಸೋತಿತ್ತೇ ಹೊರತು ಕಾನೂನು ಮರೆತಿರಲಿಲ್ಲ. ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಕಂಡರೆ ಕಂಬದಂತೆ ನಿಲ್ಲುತ್ತಿದ್ದ. ನಿಂತಲ್ಲೆಲ್ಲ ಹಾಫ್ಟ್‌ಫ್ಲಿಖ್ಟ್ ಕುರಿತು ಭಾಷಣ. “ಈಗ ನಾನು ಬಿದ್ದರೆ ಇವರು ಹೊಣೆ” ಎಂದು ನನ್ನನ್ನು ತೋರಿಸಿ ದಾರಿಹೋಕರಿಗೆ ವಿವರಿಸುತ್ತಿದ್ದ. ನಾಯಿ ಹಿಡಿದುಕೊಂಡಿದ್ದ ಒಬ್ಬ ಮುದುಕಿ ಆಸಕ್ತಿಯಿಂದ ಕೇಳಿ, “ಹಾಗಾದರೆ ನೀವು ಬೀಳುವುದು ಯಾವಾಗ?” ಎಂದಳು. ಬೀಳುವುದನ್ನು ತೋರಿಸಿಯೇ ಬಿಡುತ್ತೇನೆಂದು ಅವನು ಮುಂದಕ್ಕೆ ಬಾಗಿದ. ನಾನು ಅವನ ಸೊಂಟ ತಬ್ಬಿಕೊಂಡೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ವಾರಿಜಳನ್ನು ಬೀದಿಯಲ್ಲಿ ಹಾಗೆ ತಬ್ಬಿರಲಿಲ್ಲ.

ಅವನ ಮನೆಯ ಬಾಗಿಲು ತೆರೆದ ಹೆಂಡತಿ ಗಂಡನನ್ನು ನೋಡಿ, ನಮ್ಮನ್ನು ನೋಡಿ, ತಿರುಗಿದ್ದ ಹೆಲ್ಮೆಟ್ಟನ್ನು ಸರಿಮಾಡಿದಳು. ಒಳ್ಳೆಯ ಹೆಂಗಸು. “ದಣಿದಿದ್ದೀರಿ, ಕಾಫಿ ಕುಡಿಯುತ್ತೀರಾ? ಕೇಕ್ ಇದೆ” ಎಂದಳು. ಒಳಗಿಂದ ಕೇಕಿನ ವಾಸನೆಯೂ ಬಂತು. ನನಗೆ ನಾಲಗೆ ಒಣಗಿತ್ತು. “ಅಯ್ಯೋ, ಯಾಕೆ ತೊಂದರೆ? ಬೇಡ ಬೇಡ” ಎಂದೆ. “ಹಾಗೇ ಆಗಲಿ” ಎಂದು ಬಾಗಿಲು ಹಾಕಿಕೊಂಡಳು.

ಸೈಕಲ್ಲನ್ನು ಗೋಡೆಗೆ ಒರಗಿಸುತ್ತ ಬಸವರಾಜ, “ಕಾಕಾ, ನಾ ಹೂಂ ಅನ್ನಾವ ಇದ್ನಿರೀ” ಎಂದ.

ಆಮೇಲಿನ ದಿನಗಳಲ್ಲಿ ನಾನು ಚಿಂತೆಯಲ್ಲಿ ಊಟ ಬಿಟ್ಟೆ. ಒತ್ತಾಯ ಮಾಡಿ ಬಡಿಸುವ ಅಭ್ಯಾಸ ವಾರಿಜಳಿಗೆ ಇಲ್ಲದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ. ತಿಂಗಳ ಕೊನೆಗೆ, ಇನ್ನು ಪಾತ್ರೆ ಕಟ್ಟುವುದೇ ಸರಿ ಎಂದುಕೊಳ್ಳುವಾಗ ಪಾಲಿಸಿ ಬಂತು. ಹೆರ್ ಕ್ರಾಮರ್ ಸಹಿ ಹಾಕಿದ್ದ. ನಾನು ಕುಣಿದೆ. ವಾರಿಜ ಕನ್ನಡಕ ಹಾಕಿಕೊಂಡು ಕೊನೆಯ ಪುಟ ಓದಿದಳು. ಯಾವ ಯಾವ ಕಾರಣದಿಂದ ಹಾನಿಯಾದರೆ ಕಂಪನಿ ಹೊಣೆಯಲ್ಲ ಎಂದು ಅಲ್ಲಿತ್ತು. ಯುದ್ಧ, ಭೂಕಂಪ, ಅಣು ಅಪಘಾತ. ಅದರ ಕೆಳಗೆ, ಹೋಟೆಲಿನ ಯಜಮಾನ ಸ್ವತಃ ಪಾನೀಯ ಬಡಿಸುವುದು. ಪಕ್ಕದಲ್ಲಿ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಒಂದಕ್ಷರ ತಪ್ಪಿಲ್ಲದೆ.

ಅಂಗಡಿ ಉಳಿಯಿತು. ವಾರಿಜ ಆಸ್ಪತ್ರೆಯ ಕೆಲಸ ಅರ್ಧ ದಿನಕ್ಕೆ ಇಳಿಸಿಕೊಂಡು ಬಿಯರ್ ಸುರಿಯಲು ನಿಂತಳು. ಔಷಧಿ ಕೊಡುವ ಹಾಗೆ ಅಳತೆ ಮಾಡಿ ಕೊಡುತ್ತಿದ್ದಳು, ಮೂರನೆಯದು ಕೇಳಿದವನ ಮುಖ ನೋಡಿ “ಸಾಕು” ಎನ್ನುತ್ತಿದ್ದಳು. ವಿಚಿತ್ರವೆಂದರೆ ಜನ ಅದಕ್ಕೇ ಹೆಚ್ಚು ಹೆಚ್ಚು ಬಂದರು. ನಾನು ಒಳಗೆ ದೋಸೆ ಹುಯ್ಯುತ್ತ, ಬಾಗಿಲ ಸಂದಿಯಿಂದ ಖಾಲಿ ಗ್ಲಾಸುಗಳನ್ನು ನೋಡಿ ಸಂಕಟಪಡುತ್ತಿದ್ದೆ. ಈಗ ಹೋಟೆಲು ಬೇರೆಯವರ ಕೈಯಲ್ಲಿದೆ, ಆ ಪಾಲಿಸಿಯ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಆದರೂ ಮನೆಗೆ ಯಾರಾದರೂ ಊಟಕ್ಕೆ ಬಂದು ನಾನು ಸೌಟು ಹಿಡಿದು ಎದ್ದರೆ ವಾರಿಜ ಅವರ ತಟ್ಟೆಯ ಮುಂದೆ ಬಂದು ನಿಲ್ಲುತ್ತಾಳೆ. “ಬೇಕಾದ್ರೆ ನನ್ನ ಕೈಯಿಂದ ಹಾಕಿಸ್ಕೊಳ್ಳಿ. ಇವರು ಬಡಿಸಿದ್ದಕ್ಕೆ ವಿಮೆ ಇಲ್ಲ” ಎನ್ನುತ್ತಾಳೆ. ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಅವಳು ಮಾತ್ರ ನಗುವುದಿಲ್ಲ.